ಹುಟ್ಟಿದಹಬ್ಬಕ್ಕೆ ನೇಯ್ದ ಸೀರೆ

ಎಂಬತ್ತರ ದಶಕದಲ್ಲಿ ನಾನು ತಿರುಪ್ಪೂರಿನ ಒಂದು ಬನಿಯನ್ ಕಂಪನಿಯಲ್ಲಿ ಕೆಲಸಕ್ಕಿದ್ದೆ. ನಾವು ತಲೆಮಾರುಗಳಿಂದ ತಮಿಳುನಾಡಿನಲ್ಲೇ ನೆಲೆಸಿದ ಕನ್ನಡದ ನೇಕಾರರು. ಕರ್ನಾಟಕದಿಂದ ಹೊಸದಾಗಿ ಬಂದ ಕೆಲವರೂ ಅಲ್ಲಿದ್ದರು. ನವೆಂಬರ್ ಒಂದು ಕನ್ನಡನಾಡಿನ ಹುಟ್ಟಿದಹಬ್ಬವಂತೆ, ಅವತ್ತು ಅವರ ಕಡೆ ರಜೆಯಂತೆ, ಮೆರವಣಿಗೆಯಂತೆ, ಭುವನೇಶ್ವರಿ ತಾಯಿಯನ್ನು ಊರೆಲ್ಲ ಸುತ್ತಿಸುತ್ತಾರಂತೆ. ಈ ವರ್ಷ ಇಲ್ಲೂ ಒಂದು ವ್ಯಾನ್ ಮಾಡಿದ್ದೇವೆ ಅಂದರು. ಬಾಯಿ ಸುಮ್ಮನಿರದ ನಾನು ಮನೆಗೆ ಬಂದು ಅಪ್ಪನಿಗೆ ಹೇಳಿಬಿಟ್ಟೆ.

ಅಪ್ಪ ಮಗ್ಗದ ಗುಂಡಿಯಲ್ಲಿ ಕೂತೇ ಕೇಳಿಸಿಕೊಂಡರು. ರಾಜ್ಯಗಳನ್ನು ಹಂಚಿದ ದಿನ ಅದು, ನಾವು ಈ ಕಡೆ ಉಳಿದೆವು, ಅವತ್ತೂ ಮಗ್ಗ ನಿಲ್ಲಲಿಲ್ಲ ಅಂದರು. ಮಗ್ಗಕ್ಕೆ ಅಮಾವಾಸ್ಯೆಯೊಂದೇ ರಜೆ. ಲಾಳಿಯನ್ನು ಒಂದು ಸಲ ಆಚೆಗೆ ದೂಡಿ, "ಹುಟ್ಟಿದಬ್ಬ ಅಂದ್ಮೇಲೆ ಅಮ್ಮನಿಗೆ ಸೀರೆ ಬೇಡ್ವಾ, ಕಣ್ಣು?" ಅಂದರು. ಮುದ್ದಿಗೆ ತಮಿಳರ ಹಾಗೆ ನನ್ನನ್ನು ಕಣ್ಣು ಅನ್ನುತ್ತಿದ್ದರು.

ನಮ್ಮೂರ ಚೌಡಮ್ಮನಿಗೆ ವರ್ಷವರ್ಷ ಸೀರೆ ನೇಯುತ್ತಿದ್ದದ್ದು ಅಪ್ಪನೇ. ಅದಕ್ಕೊಂದು ಕಟ್ಟಳೆ ಇತ್ತು. ಮಗ್ಗದಿಂದ ಇಳಿದ ಮೇಲೆ ಯಾವ ದೇವಿಯ ಸೀರೆಗೂ ಕತ್ತರಿ ತಾಕಬಾರದು. ಯಾರೇ ತಾಕಿಸಿದರೂ ಅದನ್ನು ನೇಯ್ದ ಕೈ ಮತ್ತೆ ಅಮ್ಮನಿಗೆ ನೇಯುವ ಹಾಗಿಲ್ಲ.

ಭುವನೇಶ್ವರಿಗೆ ಅಪ್ಪ ನೇಯ್ದದ್ದು ಹಳದಿ ಒಡಲು, ಕೆಂಪು ಅಂಚು. ನವೆಂಬರ್ ಒಂದರ ಬೆಳಿಗ್ಗೆ ಇಬ್ಬರೂ ಬಸ್ಸು ಹತ್ತಿ ಹೋದೆವು. ಹೋಗಿ ನೋಡಿದರೆ ವ್ಯಾನಿನ ಮೇಲೆ ತಾಯಿಯ ಮೂರ್ತಿಯಿಲ್ಲ, ಗಾಜು ಹಾಕಿದ ಪಟ. ಉಡಿಸುವುದು ಯಾರಿಗೆ? ಅಷ್ಟರಲ್ಲಿ ಮುಂದೆ ನಿಂತಿದ್ದ ಹಿರಿಯರೊಬ್ಬರು ಸೀರೆ ಬಿಡಿಸಿ ನೋಡಿ, "ನಮ್ಮ ಬಾವುಟದ ಬಣ್ಣ! ದೊಡ್ಡ ಉಪಕಾರ ಮಾಡಿದ್ರಿ ಯಜಮಾನ್ರೇ" ಅಂದು ಕತ್ತರಿ ತರಿಸಿದರು. ಎಲ್ಲರ ಕೊರಳಿಗೂ ಒಂದೊಂದು ಪಟ್ಟಿ ಆಗುತ್ತದಂತೆ.

"ಸಾಮಿ, ಅದು ಅಮ್ಮನಿಗೆ..." ಅಂದರು ಅಪ್ಪ.

"ಎಲ್ಲಾ ಅಮ್ಮನಿಗೇ ಅಲ್ವಾ" ಅಂತ ನಕ್ಕರು ಅವರು. ಒಳ್ಳೆಯ ಮನುಷ್ಯ, ಕೆಟ್ಟದ್ದೇನೂ ಮನಸ್ಸಿನಲ್ಲಿರಲಿಲ್ಲ.

ನಾನು ಹೇಳಬಹುದಿತ್ತು. ಆದರೆ ಬಾಯಿಬಿಟ್ಟರೆ ನನ್ನ ಕನ್ನಡದಲ್ಲಿ ತಮಿಳು ಬೆರೆಯುತ್ತದೆ, ಅದಕ್ಕೆ ಕಂಪನಿಯಲ್ಲಿ ದಿನಾ ಆಡಿಕೊಳ್ಳುವವರೇ ಸುತ್ತ ನಿಂತಿದ್ದರು. ನನ್ನ ನಾಲಿಗೆ ಸೇದಿಹೋಗ, ಅವತ್ತೇ ಅದಕ್ಕೆ ನಾಚಿಕೆ ಬರಬೇಕಿತ್ತಾ? ಕತ್ತರಿ ಒಡಲಿನ ಮೇಲೆ ಹರಿಯಿತು. ಮೊದಲ ಪಟ್ಟಿಯನ್ನು ಮರ್ಯಾದೆಯಿಂದ ಅಪ್ಪನ ಕೊರಳಿಗೇ ಹಾಕಿದರು. ಮೆರವಣಿಗೆ ಮುಗಿಯುವವರೆಗೂ ಅಪ್ಪ ಕೈಮುಗಿದುಕೊಂಡೇ ನಡೆದರು. ಪಕ್ಕದಲ್ಲೇ ನಾನೂ ನಡೆದೆ.

ಮುಂದಿನ ವರ್ಷ ದೇವಸ್ಥಾನದ ಗೌಡರು ಚೌಡಮ್ಮನ ಸೀರೆಗೆ ನೂಲು ತಂದು ಜಗಲಿಯ ಮೇಲಿಟ್ಟರು. ಕತ್ತರಿ ತಾಕಿದ್ದು ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ, ಸುಮ್ಮನೆ ತೆಗೆದುಕೊಳ್ಳಬಹುದಿತ್ತು. ಅಪ್ಪ ನೂಲನ್ನು ಮುಟ್ಟಲಿಲ್ಲ.

"ಬೇರೆ ಕೈ ನೋಡ್ಕೊಳ್ಳಿ ಸಾಮಿ" ಅಂದರು.

ಯಾಕೆ ಅಂತ ಗೌಡರು ನನ್ನ ಮುಖ ನೋಡಿದರು. ನಾನು ಅವತ್ತೂ ಬಾಯಿಬಿಡಲಿಲ್ಲ.