ಹಚ್ಚಿ ನೋಡದ ಒಲೆ

ಅಡುಗೆಮನೆ ಹೊಸದಾಗಿ ಮಾಡಿಸ್ತಿದ್ದೆ. ಒಂದು ಬಲ್ಬು, ಒಂದು ಕರೆಂಟ್ ಒಲೆ ನೋಡಿ ತರೋಣ ಅಂತ ಅಮ್ಮನನ್ನು ಶಿವಮೊಗ್ಗದ ಅಂಗಡಿಗೆ ಕರೆದುಕೊಂಡು ಹೋದೆ. ಭದ್ರಾವತಿಗೆ ವಾಪಸ್ ಹೋಗೋ ಬಸ್ಸು ಎದುರಿಗೇ ಹಾರನ್ ಹೊಡೀತಿತ್ತು. ನನಗೆ ನಿಂತಲ್ಲಿ ನಿಲ್ಲೋಕಾಗ್ತಿರಲಿಲ್ಲ.

ಅಂಗಡಿ ಸಾಹೇಬರು ಒಂದೊಂದಾಗಿ ಮೂರು ಬಲ್ಬು ಹಚ್ಚಿ ತೋರಿಸಿದರು. ದೀಪ ಹತ್ತಿದಾಗೆಲ್ಲ ಅಮ್ಮ, ಮನೆಯಲ್ಲಿ ಮುಸ್ಸಂಜೆ ಮಾಡೋ ಹಾಗೇ, ಕಣ್ಣುಮುಚ್ಚಿ ಕೈಮುಗಿದಳು.

"ಯಾವುದು ಕಟ್ಟಲಿ ಅಮ್ಮಾ?" ಸಾಹೇಬರು ಕೇಳಿದರು.

"ಎಲ್ಲದಕ್ಕೂ ಕೈ ಮುಗಿದಾಯ್ತಲ್ಲಪ್ಪಾ, ಯಾವುದನ್ನ ಬಿಟ್ಟು ಹೋಗ್ಲಿ?"

ಮೂರನ್ನೂ ಕಟ್ಟಿದ ಸಾಹೇಬರು ಒಲೆಯ ಸ್ವಿಚ್ಚಿಗೆ ಕೈ ಹಾಕಿದರು. ಅಮ್ಮನ ಕೈಗಳು ಆಗಲೇ ಸೇರುತ್ತಿದ್ದವು. ಸಾಲಾಗಿ ಇನ್ನೂ ಒಲೆಗಳಿದ್ದವು!

"ಹಚ್ಚಬೇಡಿ ಮಾರಾಯ್ರೇ, ಹಾಗೇ ಕಟ್ಟಿ!" ಎಂದು ಕೂಗಿದೆ.

ಬಸ್ಸು ಸಿಕ್ಕಿತು. ಮನೆಯಲ್ಲಿ ಬಲ್ಬು ಮೂರೂ ಹತ್ತಿದವು. ಒಲೆ ಮಾತ್ರ ಬಿಸಿಯಾಗಲೇ ಇಲ್ಲ.

ಸೌದೆ ಒಲೆ ಊದುತ್ತಾ ಅಮ್ಮ ಅಂದಳು: "ಅದಕ್ಕೂ ಒಂದು ಸಲ ಕೈ ಮುಗಿಯೋಕೆ ಬಿಟ್ಟಿದ್ರೆ ನಿಂದೇನು ಗಂಟು ಹೋಗ್ತಿತ್ತು?"