ಹಾರ್ಡ್ ಡಿಸ್ಕಿಗೆ ಕಟ್ಟಿದ ಕಂಕಣ

ಅಕ್ಷರ ತಿದ್ದಿಸಿದ ಗುರುಗಳಿಗೂ, ಬೀಸುಕಲ್ಲಿನ ಮುಂದೆ ಕುಳಿತು ಹಾಡುಗಳನ್ನು ಕಾಪಾಡಿದ ತಾಯಂದಿರಿಗೂ ಮೊದಲು ಕೈಮುಗಿಯುತ್ತೇನೆ. ಅವರ ಋಣದ ಮುಂದೆ ನನ್ನ ಈ ಪ್ರಸಂಗ ತೀರ ಚಿಕ್ಕದು.

ತೊಂಬತ್ತರ ದಶಕದ ಕೊನೆಯ ದಿನಗಳು. ಆಳಂದ, ಜೇವರ್ಗಿಗಳ ಓಣಿಗಳಲ್ಲಿ ನಾನು ಕೂಡಿಸಿದ ಬೀಸುವ ಹಾಡುಗಳು ಅಫಜಲಪುರದ ಬಸಮ್ಮನ ಡಿಟಿಪಿ ಅಂಗಡಿಯ ಕಂಪ್ಯೂಟರಿನಲ್ಲಿ ಅಚ್ಚಿಗೆ ಕಾದಿದ್ದವು. ಅವುಗಳಲ್ಲಿ ಅರ್ಧ, ಜೇವರ್ಗಿಯಲ್ಲಿದ್ದ ನನ್ನ ಅಕ್ಕ ಹಾಡಿದವು. ಅವಳ ಕಣ್ಣು ದಿನದಿನಕ್ಕೆ ಮಂಜಾಗುತ್ತಿತ್ತು. ಪೂರ್ತಿ ಕತ್ತಲಾಗುವ ಮೊದಲು ಅವಳು ಪುಸ್ತಕ ನೋಡಬೇಕೆಂಬುದು ನನ್ನ ಹಂಬಲ.

ಅಷ್ಟರಲ್ಲಿ ಬಸಮ್ಮ ಹೊಸ ಆಪರೇಟಿಂಗ್ ಸಿಸ್ಟಮ್ಮಿನ ಹೊಸ ಯಂತ್ರ ತಂದಳು. ಹಾಡುಗಳಿದ್ದ ಹಳೆಯ ಹಾರ್ಡ್ ಡಿಸ್ಕನ್ನು ಅದರೊಳಗೇ ಕೂರಿಸಿ ಹಾಡುಗಳನ್ನು ಸಾಗಿಸಲು ತೊಡಗಿದರೆ, ಅವು ಅರ್ಧ ದಾರಿಗೆ ಬಂದು ನಿಂತುಬಿಡುತ್ತಿದ್ದವು. ಸಿಸ್ಟಮನ್ನು ಮತ್ತೆ ಹಾಕಿ ನೋಡಿದಳು, ಆಗಲೂ ಅಷ್ಟೇ. ಎರಡು ಸ್ವರಗಳು ಕೂಡಿದಾಗ ಒಂದು ಲೋಪವಾಗುವುದನ್ನು ವ್ಯಾಕರಣದಲ್ಲಿ ಓದಿದ್ದ ನನಗೆ, ಹೊಸದು ಹಳೆಯದನ್ನು ನುಂಗಿತೆಂದೇ ಭಯ. ಮರಳಿ ಟೈಪು ಮಾಡಿಸಲು ತಿಂಗಳುಗಳು ಬೇಕು. ಅಕ್ಕನ ಕಣ್ಣು ಅಷ್ಟು ಕಾಯುವಂತಿರಲಿಲ್ಲ.

“ಹೊಸಾದು ಹಳೇದ್ರ ಮಾತ ಕೇಳವಲ್ದ್ರೀ ಶಾಸ್ತ್ರಿಗಳ,” ಎಂದಳು ಬಸಮ್ಮ.

ಮೂಲೆಯಲ್ಲಿ ಹೂಬತ್ತಿ ಹೊಸೆಯುತ್ತಿದ್ದ ಅವಳ ಅತ್ತೆ ಶಾಂತಮ್ಮನವರು ತಲೆಯೆತ್ತಿದರು. “ಹಂಗಾಗಬಾರ್ದಂತನ, ನೀ ಡಬ್ಬಿ ಬಿಚ್ಚಿಟ್ಟು ಒಳಗ ಹೋದಾಗ, ಎರಡಕ್ಕೂ ಕೂಡ್ಸಿ ಕಂಕಣ ಕಟ್ಟೀನಲ್ಲ!”

ಬಸಮ್ಮ ಕರೆಂಟು ತೆಗೆದು ಯಂತ್ರದ ಡಬ್ಬಿ ಬಿಚ್ಚಿದಳು. ಮದುಮಕ್ಕಳಿಗೆ ಕಟ್ಟುವಂಥದೇ ಅರಿಶಿನ ಕೊಂಬಿನ ದಾರ, ಹಳೆಯ, ಹೊಸ ಎರಡೂ ಡಿಸ್ಕುಗಳನ್ನು ಬಳಸಿ, ನಡುವಿನ ಪಟ್ಟಿಯಂಥ ವಾಯರನ್ನೂ ಬಿಗಿದಿತ್ತು. ಆ ಜಗ್ಗಾಟಕ್ಕೆ ವಾಯರಿನ ತುದಿ ಅರ್ಧ ಹೊರಬಂದಿತ್ತು.

“ಅತ್ತೀ, ಕತ್ರಿ ಕೊಡ್ರಿ.”

“ಕತ್ರಿ ಹಚ್ಚಿಗಿಚ್ಚೀ! ಕಂಕಣ ಕತ್ತರ್ಸೂದಲ್ಲ, ಬಿಚ್ಚೂದು. ಶಾಸ್ತ್ರ ಬಲ್ಲವ್ರು ಕುಂತಾರ, ಕೇಳು.”

ಇಬ್ಬರೂ ನನ್ನತ್ತ ತಿರುಗಿದರು. ಹಾರ್ಡ್ ಡಿಸ್ಕಿನ ಕಂಕಣ ವಿಸರ್ಜನೆಯನ್ನು ನಾನು ಓದಿದ ಯಾವ ಗ್ರಂಥವೂ ಹೇಳಿರಲಿಲ್ಲ. “ಕೂಡಿಸೂ ಕೆಲಸಕ್ಕ ಕಂಕಣನ ಅಡ್ಡಿ ಆದ್ರ, ಕೈಮುಗಿದು ಬಿಚ್ಚಬಹುದವ್ವಾ,” ಎಂದೆ.

ಶಾಂತಮ್ಮನವರು ಒಳಗೆ ಹೋಗಿ ಬಟ್ಟಲು ಹಾಲು ತಂದರು. ಗಂಟಿನ ಮೇಲೆ ಹಾಲು ಬಿಟ್ಟೇ ಕಂಕಣ ಬಿಚ್ಚುವುದು ಅವರ ಮನೆತನದ ಪದ್ಧತಿ.

“ಅಯ್ಯ ಅತ್ತೀ! ಹಾಲ ಬಿದ್ರ ಎರಡೂ ಸಾಯ್ತಾವ. ಶಾಸ್ತ್ರಿಗಳಿಗೆ ಕೊಡ್ರಿ ಅದನ್ನ!”

ಹಾಲನ್ನು ನಾನು ಕುಡಿದೆ, ಗಂಟನ್ನು ಶಾಂತಮ್ಮನವರು ಬಿಚ್ಚಿದರು, ವಾಯರನ್ನು ಬಸಮ್ಮ ಒತ್ತಿ ಕೂರಿಸಿದಳು. ಈ ಸಲ ಹಾಡುಗಳು ಎಲ್ಲಿಯೂ ತಡೆಯದೆ ದಾಟಿ ಬಂದವು.

ಜೇವರ್ಗಿಯಲ್ಲಿ ಅಕ್ಕ ಅಚ್ಚಾಗಿ ಬಂದ ಪುಸ್ತಕವನ್ನು ಕಣ್ಣಿಗೆ ತೀರ ಹತ್ತಿರ ಹಿಡಿದು, ಬೆರಳಿಟ್ಟು ಒಂದು ಸಾಲು ಓದಿದಳು. ಬಳಿಕ ಮುಚ್ಚಿ ಎದೆಗೊತ್ತಿಕೊಂಡು ಉಳಿದದ್ದನ್ನು ಹಾಡಿಯೇ ಮುಗಿಸಿದಳು. ತಡವಾದ ಕಾರಣ ಕೇಳಿ ಬಹಳ ಹೊತ್ತು ನಕ್ಕಳು.

“ಕಂಕಣ ಕಟ್ಟಿದ್ರೂ ಕೈ ಆಡಬೇಕಲ್ಲೋ ತಮ್ಮಾ!”

ಕಟ್ಟಿಯೂ ಬಿಚ್ಚಿಯೂ ಹರಸಿದ ಆ ಕೈ, ಒತ್ತಿ ಕೂರಿಸಿದ ಆ ಕೈ, ಸಾಲಿನ ಮೇಲೆ ನಡೆದ ಆ ಬೆರಳು ಎಲ್ಲವೂ ತಣ್ಣಗಿರಲಿ. ಹೊತ್ತದ್ದನ್ನೆಲ್ಲ ಒಪ್ಪಿಸಿ ಸುಮ್ಮನಾದ ಆ ಹಳೆಯ ಡಿಸ್ಕಿಗೂ ಸದ್ಗತಿಯಾಗಲಿ.