ಎಂಜಲು ತಟ್ಟೆಗಳ ವಿದೇಶಯಾತ್ರೆ

ಕಡಲು ದಾಟಿ ಬಂದ ನಾಟಕ ಎಂದು ತಂಡದವರು ಎದೆಯುಬ್ಬಿಸಿ ಹೇಳಿಕೊಳ್ಳುವಾಗ, ಅದರ ಜೊತೆ ಒಂದು ಪೆಟ್ಟಿಗೆ ತಟ್ಟೆಗಳೂ ಕಡಲು ದಾಟಿದ್ದವು ಎಂಬುದನ್ನು ಯಾರೂ ಹೇಳುತ್ತಿರಲಿಲ್ಲ. ತಟ್ಟೆಗಳ ಜೊತೆ ಅತ್ತಿಗೆಯೂ ದಾಟಿದ್ದಳು. ನಾಟಕ ಬರೆದು ಆಡಿಸುವವನು ಅವಳ ಗಂಡ, ತಂಡಕ್ಕೆಲ್ಲ ಅಣ್ಣ. ಹಾಗಾಗಿ ಇವಳು ಅತ್ತಿಗೆ. ಒಬ್ಬನನ್ನು ಕಟ್ಟಿಕೊಂಡಿದ್ದಕ್ಕೆ ಊಟಕ್ಕೆ ಹತ್ತು ಮೈದುನರು ಸಿಕ್ಕಿದ್ದರು.

ಅದೊಂದು ಪ್ರೇಮದ ಹಾಸ್ಯನಾಟಕ. ನಾಟಕದುದ್ದಕ್ಕೂ ಹುಡುಗಿ ಹುಡುಗನನ್ನು ಬೇಡವೆನ್ನುತ್ತಾಳೆ. ಕೊನೆಗೆ ಒಂದು ಸಂಜೆ ಕೆಲಸ ಮುಗಿಸಿ ಮನೆಗೆ ಬಂದರೆ, ಹುಡುಗ ಅಂಗಿಯ ತೋಳು ಮಡಚಿ ಅವಳ ಅಡುಗೆಮನೆಯ ಎಂಜಲು ತಟ್ಟೆ ತೊಳೆಯುತ್ತಿರುತ್ತಾನೆ. ಅಷ್ಟಕ್ಕೇ ಅವಳು ಕರಗಿ ನೀರಾಗುತ್ತಾಳೆ. ಗಂಡಸೊಬ್ಬ ತಟ್ಟೆ ತೊಳೆದ ಪವಾಡ ಕಂಡು ಪ್ರೇಕ್ಷಕರು ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ. ಹಾಗೆ ತಟ್ಟುವ ಕೈಗಳಲ್ಲಿ ಅರ್ಧದಷ್ಟು, ಮನೆಯ ಸಿಂಕು ಖಾಲಿ ಮಾಡಿಯೇ ಬಂದ ಹೆಂಗಸರವು.

ದೃಶ್ಯ ನೈಜವಾಗಿರಬೇಕೆಂಬುದು ಅಣ್ಣನ ಹಟ. ನೈಜತೆಯ ಹೊಣೆ ಅತ್ತಿಗೆಯದು. ಆಟಕ್ಕೆ ಮುಂಚೆ ಹಿಟ್ಟು, ಎಣ್ಣೆ, ಬಣ್ಣ ಸೇರಿಸಿ ಕುದಿಸಿ, ತೊಳೆದಿಟ್ಟ ತಟ್ಟೆಗಳಿಗೆಲ್ಲ ಬಳಿಯಬೇಕು. ಅದು ಕೊನೆಯ ಸಾಲಿಗೂ ಕಾಣಬೇಕು, ನಾಯಕ ಒಮ್ಮೆ ಒರೆಸಿದರೆ ಬಿಡಬೇಕು, ಅವನ ಉಗುರಿಗೆ ಮಾತ್ರ ಅಂಟಬಾರದು, ಪಾಪ. ಪರದೆ ಬಿದ್ದ ಮೇಲೆ ನಾಯಕ ಹಸ್ತಾಕ್ಷರ ಹಾಕಲು ಹೋಗುತ್ತಾನೆ. ಅವನು ತೊಳೆದ ತಟ್ಟೆಗಳನ್ನು ಅತ್ತಿಗೆ ತೊಳೆಯುತ್ತಾಳೆ.

ಮೊದಲು ಹೋದ ದೇಶದಲ್ಲಿ ಪಿಂಗಾಣಿ ತಟ್ಟೆಗಳು ವಿಮಾನದಲ್ಲೇ ಒಡೆದವು. ಅತ್ತಿಗೆ ಮನೆಮನೆಗೆ ಹೋಗಿ ಬೇಡಿ ತಂದಳು. ಬಗೆಬಗೆಯ ತಟ್ಟೆಗಳಲ್ಲಿ ಬದುಕಿನ ವೈವಿಧ್ಯ ಕಂಡ ಪತ್ರಿಕೆಯವರು ಅಣ್ಣನನ್ನು ಹೊಗಳಿದರು. ಆಮೇಲಿನ ದೇಶದಲ್ಲಿ ನಲ್ಲಿ ತಿರುಗಿಸಿದರೆ ಮಂಜಿನಂಥ ನೀರು. ಅವಳ ಬೆರಳುಗಳು ಮರಗಟ್ಟಿದವು, ನಾಟಕ ಗೆದ್ದಿತು. ಇನ್ನೊಂದು ಕಡೆ ಸಭಾಂಗಣದಲ್ಲಿ ಒಲೆ ಹಚ್ಚಕೂಡದೆಂದರು. ಲಾಡ್ಜಿನ ಸ್ನಾನದ ಕೋಣೆಯಲ್ಲಿ ಕೂತು ಚಹಾದ ಕೆಟಲಿನಲ್ಲಿ ಎಂಜಲು ಕುದಿಸಿದಳು.

ಇಷ್ಟೆಲ್ಲ ಆದರೂ ಆ ದೃಶ್ಯವನ್ನು ಅವಳು ಎದುರಿನಿಂದ ನೋಡಿಯೇ ಇರಲಿಲ್ಲ. ಪಕ್ಕದ ಪರದೆಯ ಸಂದಿಯಿಂದ ಕಾಣುವುದು ನಾಯಕನ ಬೆನ್ನು ಮಾತ್ರ. ಒಂದೇ ಒಂದು ಸಲ ಕುರ್ಚಿಯಲ್ಲಿ ಕೂತು ನೋಡಬೇಕೆಂಬುದು ಅವಳ ಆಸೆ. ಕೇಳಿದಾಗಲೆಲ್ಲ ಅಣ್ಣ, ಕತೆ ನಿನಗೆ ಗೊತ್ತಿರುವುದೇ ಅಲ್ಲವೇ ಎಂದು ಮಾತು ಮುಗಿಸುತ್ತಿದ್ದ.

ಈ ಬಾರಿ ಹೋದ ದೇಶದಲ್ಲಿ, ಆಟಕ್ಕೆ ಮುಂಚೆ, ಕರೆಸಿದ ಸಂಘದ ಅಧ್ಯಕ್ಷೆ ತಂಡದವರನ್ನು ಮಾತಾಡಿಸಲು ಒಳಗೆ ಬಂದಳು. ಅತ್ತಿಗೆ ನಾಟಕವನ್ನು ಎದುರು ಕೂತು ನೋಡಿಲ್ಲವೆಂದು ತಿಳಿದು ಬೆರಗಾಗಿ, ಮೂರನೆಯ ಸಾಲಿನಲ್ಲಿ ಕುರ್ಚಿ ಕೊಡಿಸುತ್ತೇನೆಂದಳು. ಅಧ್ಯಕ್ಷೆಯ ಎದುರು ಅಣ್ಣನ ಮನಸ್ಸು ಒಮ್ಮೆಲೇ ಕಡಲಾಯಿತು.

“ಹೋಗಿ ಕೂತ್ಕೋ. ಒಳಗೆ ನಿಂಗೇನು ಅಂಥ ಕೆಲಸ ಇದೆ?”

ಅತ್ತಿಗೆಯ ಕೈ ಆಗ ಹಿಟ್ಟಿನ ಡಬ್ಬಿಯ ಮೇಲಿತ್ತು. ಗಂಡನ ಮಾತು ಮೀರಬಾರದೆಂದು ಹಿರಿಯರು ಹೇಳಿದ್ದು ಸರಿಯಾದ ಹೊತ್ತಿಗೆ ನೆನಪಾಯಿತು. ಮುಚ್ಚಳ ಗಟ್ಟಿಯಾಗಿ ಒತ್ತಿ, ತೊಳೆದ ತಟ್ಟೆಗಳನ್ನು ಹಾಗೇ ರಂಗದ ಸಿಂಕಿನಲ್ಲಿ ಜೋಡಿಸಿ, ಕೈ ಒರೆಸಿಕೊಂಡು ಹೊರನಡೆದಳು. ಒಳಗಿದ್ದ ಯಾರಿಗೂ ಏನೂ ಅನ್ನಿಸಲಿಲ್ಲ. ತಟ್ಟೆಗಳು ತಾವೇ ಎಂಜಲಾಗುತ್ತವೆ, ತಾವೇ ತೊಳೆದುಕೊಳ್ಳುತ್ತವೆ ಎಂದು ತಂಡ ನಂಬಿ ವರ್ಷಗಳಾಗಿದ್ದವು.

ಕುರ್ಚಿ ಮೆತ್ತಗಿತ್ತು. ಅವಳು ಎಲ್ಲರಂತೆ ನಕ್ಕಳು. ಕೊನೆಯ ದೃಶ್ಯ ಬಂದಾಗ ಮಾತ್ರ ಕುರ್ಚಿಯ ಅಂಚಿಗೆ ಸರಿದು ಕೂತಳು.

ನಾಯಕ ತೋಳು ಮಡಚಿ ಸಿಂಕಿಗೆ ಕೈ ಹಾಕಿದ. ಎತ್ತಿದ ತಟ್ಟೆ ದೀಪದ ಬೆಳಕಿಗೆ ಫಳಫಳ ಹೊಳೆಯಿತು. ಇನ್ನೊಂದು ಎತ್ತಿದ, ಅದೂ ಕನ್ನಡಿ. ತಿರುಗಿಸಿ ಮುರುಗಿಸಿ ನೋಡಿದ. ಕೊಳೆಯಿಲ್ಲದೆ ತ್ಯಾಗ ಮಾಡುವುದು ಹೇಗೆಂದು ಅವನಿಗೆ ಯಾರೂ ಕಲಿಸಿರಲಿಲ್ಲ. ಅಷ್ಟರಲ್ಲಿ ನಾಯಕಿ ಒಳಬಂದಳು. ತಟ್ಟೆ ನೋಡಿ, ಕರಗಬೇಕಾದವಳು ಕರಗುವುದನ್ನೇ ಮರೆತಳು.

“ಇವು ತೊಳೆದೇ ಇವೆಯಲ್ಲ,” ಎಂದಳು. “ಯಾರು ತೊಳೆದಿದ್ದು?”

ನಾಯಕನಿಗೆ ಉತ್ತರ ಬರೆದುಕೊಟ್ಟಿರಲಿಲ್ಲ. ಪಕ್ಕದ ಪರದೆಯ ಕಡೆ ನೋಡಿದ. ಅಲ್ಲಿ ನಿಂತಿದ್ದ ಅಣ್ಣನ ಬಳಿಯೂ ಇರಲಿಲ್ಲ. ಹಿಂದೆಲ್ಲೋ ಒಬ್ಬ ಹೆಂಗಸು ಕಿಸಕ್ಕೆಂದಳು, ಆಮೇಲೆ ಇಡೀ ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಉತ್ತರ ಗೊತ್ತಿದ್ದವಳು ಮೂರನೆಯ ಸಾಲಿನಲ್ಲಿ ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದಳು.

ಆಟ ಮುಗಿದ ಮೇಲೆ ಅತ್ತಿಗೆ ಒಳಗೆ ಹೋದಳು. ಬಯ್ಯಲೆಂದು ಅಣ್ಣ ಬಾಯಿ ತೆರೆಯುವಷ್ಟರಲ್ಲಿ ಅಧ್ಯಕ್ಷೆ ಓಡಿಬಂದು, ಆ ಒಂದು ಮಾತಿಗೇ ನಾಟಕ ಸಾರ್ಥಕವಾಯಿತು ಎಂದಳು. ತೆರೆದ ಬಾಯನ್ನು ಅಣ್ಣ ಹಾಗೇ ನಗುವಿಗೆ ಬಳಸಿಕೊಂಡ. ಬಹಳ ದಿನದಿಂದ ತಲೆಯಲ್ಲಿತ್ತು ಎಂದ. ಇನ್ನು ಮುಂದೆ ಎಲ್ಲ ಕಡೆ ಹೀಗೇ ಆಡುವುದೆಂದೂ ಸಾರಿಬಿಟ್ಟ.

“ಹಾಗಾದ್ರೆ ತಟ್ಟೆಗೆ ಬಳಿಯೋದು ಬೇಡ?” ಅತ್ತಿಗೆ ಕೇಳಿದಳು.

“ಬೇಡ.”

“ಆಮೇಲೆ ತೊಳೆಯೋದೂ ಬೇಡ.”

ಅಧ್ಯಕ್ಷೆ ನೋಡುತ್ತಿದ್ದಳು. ಅಣ್ಣ ತಲೆಯಾಡಿಸಿದ.

“ಮುಂದಿನ ಊರಲ್ಲೂ ಮೂರನೇ ಸಾಲಲ್ಲೇ ನಂಗೊಂದು ಕುರ್ಚಿ ಹೇಳಿಬಿಡಿ,” ಎಂದಳು ಅತ್ತಿಗೆ. “ಮೊದಲನೇ ಸಾಲು ಬೇಡ, ಕತ್ತು ನೋಯುತ್ತೆ.”